ಜಾತಿ ಆಮೇಲೆ ಕೇಳಿ

ಟೆಕ್ಸಾಸ್‌ನಲ್ಲಿ ಬಾರ್ಬೆಕ್ಯೂ ಮಾಡುವ ನಾಲ್ಕು ಜನ ಸೇರಿದರೆ ಮಾತು ಬಹಳ ಹೊತ್ತು ಮಾಂಸದ ಮೇಲೆ ನಿಲ್ಲುವುದಿಲ್ಲ. ಕಟ್ಟಿಗೆಯ ಕಡೆ ಹೊರಳುತ್ತದೆ. ಓಕ್ ಮೇಲೋ ಹಿಕರಿ ಮೇಲೋ, ಕೋಳಿಗೆ ಚೆರ್ರಿಯೋ ಸೇಬೋ ಎಂದು ಗಂಟೆಗಟ್ಟಲೆ ವಾದ. ಇಲ್ಲಿ ನೆಲೆಸಿದ ನಮ್ಮ ಕನ್ನಡದವರೂ ಈಗ ಇದರಲ್ಲಿ ಸೇರಿಕೊಂಡಿದ್ದಾರೆ. ಹೆಣ್ಣು ನೋಡಲು ಹೋದವರೂ ಇಷ್ಟೊಂದು ಜಾತಿ ವಿಚಾರಿಸಲಾರರು. ನನ್ನ ತಕರಾರು ಇಷ್ಟೇ: ಕಡಿದು ಎಷ್ಟು ದಿನವಾಯಿತು ಎಂಬುದು ಮೊದಲ ಪ್ರಶ್ನೆ, ಎಲ್ಲಿ ಬೆಳೆದ ಮರ ಎಂಬುದು ಎರಡನೆಯದು. ಜಾತಿಯ ಸರದಿ ಆಮೇಲೆ.

ಈ ಒಲೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಆಫ್‌ಸೆಟ್ ಸ್ಮೋಕರ್ ಎಂದರೆ ಅಡ್ಡ ಮಲಗಿಸಿದ ಉದ್ದನೆಯ ಕಬ್ಬಿಣದ ಪೀಪಾಯಿ. ಹಳೆಯ ಗ್ಯಾಸ್ ಟ್ಯಾಂಕನ್ನು ಕೊಯ್ದು ವೆಲ್ಡಿಂಗ್ ಮಾಡಿಸಿಕೊಳ್ಳುವವರೂ ಉಂಟು. ಒಂದು ತುದಿಯಲ್ಲಿ ಬೆಂಕಿಯ ಗೂಡು, ಇನ್ನೊಂದು ತುದಿಯಲ್ಲಿ ಹೊಗೆಯ ಕೊಳವೆ, ನಡುವೆ ಮಾಂಸ. ಉರಿ ಮಾಂಸವನ್ನು ಮುಟ್ಟುವುದಿಲ್ಲ, ಬಿಸಿಯೂ ಹೊಗೆಯೂ ಅದರ ಮೇಲೆ ಹಾದುಹೋಗುತ್ತವೆ. ಬ್ರಿಸ್ಕೆಟ್, ಅಂದರೆ ದನದ ಎದೆಭಾಗ, ಬೇಯುವುದಕ್ಕೆ 12 ಗಂಟೆ ಹಿಡಿಯುವುದು ಸಾಮಾನ್ಯ. ಅಷ್ಟು ಹೊತ್ತೂ ಕಟ್ಟಿಗೆಯೇ ಉರುವಲು, ಕಟ್ಟಿಗೆಯೇ ಮಸಾಲೆ.

ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಕಸುವು ಮುಗಿಯುತ್ತದೆ. ಉರಿ ಸೋತಾಗ ಏಳುವುದು ದಟ್ಟ ಬಿಳಿ ಹೊಗೆ; ಅರೆಬೆಂದ ಡಾಂಬರಿನಂಥ ಕಹಿ ಮಾಂಸದ ಮೈಗೆ ಮೆತ್ತಿಕೊಳ್ಳುತ್ತದೆ. ತೇವ ಶೇಕಡಾ 20ರ ಆಸುಪಾಸಿಗೆ ಇಳಿದ ಕಟ್ಟಿಗೆ ಚೆನ್ನಾಗಿ ಉರಿದರೆ ಹೊಗೆ ತೆಳು ನೀಲಿ, ಕಂಡೂ ಕಾಣದಷ್ಟು. ನಾವು ಮೆಚ್ಚುವ ಘಮ ಮರದ ಲಿಗ್ನಿನ್ ಒಡೆದು ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಮುಂತಾದವುಗಳದ್ದು. ಅವು ಓಕ್‌ನಲ್ಲೂ ಹುಟ್ಟುತ್ತವೆ, ಹಿಕರಿಯಲ್ಲೂ ಹುಟ್ಟುತ್ತವೆ. ಸೇಬಿನ ಕಟ್ಟಿಗೆಯಿಂದ ಸೇಬಿನ ರುಚಿ ಬರುತ್ತದೆಂದು ನಂಬುವವರಿದ್ದಾರೆ. ಮಾವಿನ ಸೌದೆಯಲ್ಲಿ ಬೆಂದ ಅನ್ನಕ್ಕೆ ಮಾವಿನಹಣ್ಣಿನ ರುಚಿ ಬಂದದ್ದನ್ನು ಯಾರಾದರೂ ಉಂಡಿದ್ದಾರೆಯೇ?

ಜಾತಿಗೆ ಲೆಕ್ಕವೇ ಇಲ್ಲ ಎಂದಲ್ಲ. ಪೈನ್ ಮರದ ಅಂಟು ಮಾಂಸವನ್ನು ಕೆಡಿಸುತ್ತದೆ. ಹಳೆಯ ಬೇಲಿ, ಜಗಲಿಯ ಹಲಗೆಗಳನ್ನಂತೂ ಹತ್ತಿರ ತರಬಾರದು. 2003ರ ಕೊನೆಯವರೆಗೆ ಇಲ್ಲಿ ಮನೆಬಳಕೆಯ ಮರಕ್ಕೆ ಹುಳ ಹಿಡಿಯದಂತೆ ಆರ್ಸೆನಿಕ್ ಸೇರಿದ ಔಷಧ ಉಣಿಸುತ್ತಿದ್ದರು. ಮೆಸ್ಕೀಟ್ ಎಂಬುದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಎರಡೂ ಒಂದೇ ಕುಲದವು. ಕೆಂಡಕ್ಕೆ ಅದನ್ನು ಮೀರಿಸಿದ್ದಿಲ್ಲ, ಹತ್ತು ನಿಮಿಷದಲ್ಲಿ ಸುಡುವ ತುಂಡಿಗೆ ಅದೇ ಸರಿ. 12 ಗಂಟೆ ಅದರ ಹೊಗೆಯಲ್ಲಿಟ್ಟರೆ ಬಾಯಿಗಿಡಲಾಗದು. ಜಾಲಿ ಸುಟ್ಟು ಬೆಳೆದ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನು ಅಂಗಡಿಯ ಪ್ಲಾಸ್ಟಿಕ್ ಚೀಲ. ಬಿಸಿಗೂಡಿನಲ್ಲಿ ಒಣಗಿಸಿ ಬಣ್ಣದ ಚೀಟಿ ಅಂಟಿಸಿದ ನಾಲ್ಕು ಸೀಳಿಗೆ ಬೇಳೆಕಾಳಿನಂತೆ ತೂಕದ ಬೆಲೆ. ಅತಿಯಾಗಿ ಒಣಗಿದ್ದು ಭಗ್ಗನೆ ಹತ್ತಿ ಬೇಗ ಬೂದಿಯಾಗುತ್ತದೆ. ಕೆಲವು ಚೀಲಗಳಲ್ಲಿರುವ ಚಕ್ಕೆಯನ್ನು ನೀರಿನಲ್ಲಿ ನೆನೆಸಿ ಹಾಕಿ ಎಂಬ ಉಪದೇಶ ಬೇರೆ. ಒಣಗಿಸಲು ಒಮ್ಮೆ ದುಡ್ಡು ಕೊಟ್ಟು, ಮನೆಗೆ ತಂದು ನೆನೆಸುವುದು ಯಾವ ಜಾಣತನ?

ನನಗೆ ನಿಜವಾಗಿ ಸಿಟ್ಟು ಬರುವುದು ಎರಡನೆಯ ಪ್ರಶ್ನೆಯ ವಿಷಯದಲ್ಲಿ. ಆಶ್ ಮರವನ್ನು ಕೊಲ್ಲುವ ಹಸಿರು ಜೀರುಂಡೆಯೊಂದು 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಯಿತು. ಏಷ್ಯಾದಿಂದ ಬಂದದ್ದು. ಅಂದಿನಿಂದ ಕೋಟಿಗಟ್ಟಲೆ ಮರ ಸತ್ತಿವೆ. 2016ರಲ್ಲಿ ಅದು ಟೆಕ್ಸಾಸ್‌ನಲ್ಲೂ ಸಿಕ್ಕಿತು. ತಾನಾಗಿ ಹಾರಿದರೆ ಅದು ದೂರ ಹೋಗದು. ಅದನ್ನು ರಾಜ್ಯದಿಂದ ರಾಜ್ಯಕ್ಕೆ ದಾಟಿಸಿದ್ದರಲ್ಲಿ ತೊಗಟೆಯೊಳಗೆ ಮರಿಹುಳ ಹೊತ್ತ ಸೌದೆಯ ಪಾಲು ದೊಡ್ಡದು. ಮಧ್ಯ ಟೆಕ್ಸಾಸ್‌ನಲ್ಲಿ ಓಕ್ ಮರಗಳನ್ನು ಒಣಗಿಸುವ ಬೂಷ್ಟು ರೋಗವಿದೆ. ಸತ್ತ ಕೆಂಪು ಓಕ್‌ನ ತೊಗಟೆಯಡಿ ಬೆಳೆಯುವ ಬೂಷ್ಟನ್ನು ಸಣ್ಣ ಕೀಟಗಳು ಬೇರೆ ಮರದ ಗಾಯಕ್ಕೆ ಒಯ್ಯುತ್ತವೆ. ಅಲ್ಲಿಂದ ಮುಂದೆ, ಬೇರು ಬೇರು ಕೂಡಿಕೊಂಡ ಲೈವ್ ಓಕ್ ತೋಪಿನಲ್ಲಿ, ಅದಕ್ಕೆ ಯಾರ ನೆರವೂ ಬೇಡ. ಒಂದು ಊಟದ ಹೊಗೆಗಾಗಿ ಪಕ್ಕದ ಮನೆಯವರ ನೂರು ವರ್ಷದ ಮರಕ್ಕೆ ಸಾವು ತಂದಿಡುವುದನ್ನು ಯಾವ ರುಚಿಯ ಹೆಸರಿನಲ್ಲಿ ಒಪ್ಪಬೇಕು? ದೂರದ ಕಟ್ಟಿಗೆಯೇ ಬೇಕೆಂಬ ಹಟವಿದ್ದರೆ, ನಾನು ಬೈದ ಆ ಬಿಸಿಗೂಡಿನ ಚೀಲವನ್ನೇ ಕೊಳ್ಳಿ; ಸರಿಯಾಗಿ ಕಾಯಿಸಿದ್ದರಲ್ಲಿ ಹುಳವಾದರೂ ಸತ್ತಿರುತ್ತದೆ.

ಹಾಗೆ ತರುವ ಅಗತ್ಯವಾದರೂ ಏನಿದೆ? ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್, ಚೆಕ್ ಕಸಾಯಿಗಳು ಪೋಸ್ಟ್ ಓಕ್ ಸುಟ್ಟದ್ದು ಸುತ್ತಮುತ್ತ ಅದೇ ಬೆಳೆಯುತ್ತಿತ್ತೆಂದು. 1900ರಲ್ಲಿ ಶುರುವಾದ ಲಾಕ್‌ಹಾರ್ಟ್ ಊರಿನ ಕ್ರೈಟ್ಸ್ ಮಾರ್ಕೆಟ್ ಇವತ್ತಿಗೂ ಅದನ್ನೇ ಉರಿಸುತ್ತದೆ. ಹಿಕರಿಗಾಗಿ ಮಿಸೌರಿಯತ್ತ ಕೈಚಾಚುವವರು ಒಂದು ಸಂಗತಿ ತಿಳಿಯಬೇಕು: ಪೀಕಾನ್ ಕೂಡ ಹಿಕರಿಯ ಕುಲದ್ದೇ. 1919ರಿಂದ ಅದು ಟೆಕ್ಸಾಸ್‌ನ ರಾಜ್ಯವೃಕ್ಷ, ಹಿತ್ತಲಿನಲ್ಲೇ ನಿಂತಿದೆ.

ಕೊಳ್ಳುವಾಗ ಕಾರ್ಡ್ ಲೆಕ್ಕ ಕೇಳಿ: 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದ, ಒಟ್ಟು 128 ಘನ ಅಡಿ. 'ರಿಕ್' ಎನ್ನುವವನಿಗೆ ಎಷ್ಟು ಅಡಿ ಎಂದು ಕೇಳಿ, ಅದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಬರೀ 'ಓಕ್' ಎಂದರೆ ಯಾವ ಓಕ್ ಎಂದು ಕೇಳಿ. ತುದಿಯಲ್ಲಿ ಬಿರುಕು ಬಿಟ್ಟಿದೆಯೇ, ತೊಗಟೆ ಸಡಿಲವಾಗಿದೆಯೇ ನೋಡಿ. ಎರಡು ಸೀಳು ಬಡಿದರೆ ಠಣ್ಣೆನ್ನಬೇಕು. ಧಪ್ಪೆಂದರೆ ಒಳಗೆ ನೀರಿದೆ. ಮೇಲ್ಮೈಯನ್ನು ನಂಬದೆ ಒಂದನ್ನು ಅಲ್ಲೇ ಸೀಳಿಸಿ ಒಳಮೈಗೆ ತೇವದ ಮೀಟರು ಹಿಡಿಯಿರಿ. ಮಾರುವವ ಮುಖ ಗಂಟಿಕ್ಕುತ್ತಾನೆ, ಇಕ್ಕಲಿ. ನಾನು ಕೊಳ್ಳುವುದು ಇಪ್ಪತ್ತು ಮೈಲಿಯಾಚೆಯ ಒಬ್ಬ ರೈತನಿಂದ. ಯಾವ ಹೊಲದ ಮರ, ಯಾವ ತಿಂಗಳು ಬಿತ್ತು ಎಂದು ಅವನು ಕೇಳದೆಯೇ ಹೇಳುತ್ತಾನೆ. ಹೋದ ಸಲ ಹೋದಾಗ, 'ಇದಿನ್ನೂ ಆಗಿಲ್ಲ, ಚಳಿಗಾಲ ಕಳೆದು ಬಾ' ಎಂದು ಬರಿಗೈಯಲ್ಲಿ ಕಳಿಸಿದ.