ಹಿರಿಯರ ಮಾತು ಬರೆದುಕೊಳ್ಳುವ ಮೊದಲು ಊರನ್ನು ಓದಿ ಬನ್ನಿ

ಇಂಟರ್ನ್‌ಶಿಪ್ ಶುರುವಾಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಪತ್ರಿಕೋದ್ಯಮ ವಿದ್ಯಾರ್ಥಿಗಳು ನಮ್ಮಂಥ ಸ್ಟ್ರಿಂಗರ್‌ಗಳಿಗೆ ಫೋನ್ ಮಾಡುತ್ತಾರೆ. ಹೆಚ್ಚಿನವರ ಬೇಡಿಕೆ ಒಂದೇ: "ಸರ್, ಸಂದರ್ಶನ ಮಾಡೋಕೆ ಯಾರಾದ್ರೂ ಹಿರಿಯರ ನಂಬರ್ ಕೊಡಿ. ಮುಳುಗಡೆಯವರಾದ್ರೆ ಒಳ್ಳೇದು."

ನಂಬರ್ ಕೊಡುವುದು ಕಷ್ಟವಲ್ಲ. ಆದರೆ ಕೊಡುವ ಮೊದಲು ನಾವೂ ಒಂದು ಪ್ರಶ್ನೆ ಕೇಳುತ್ತೇವೆ: "ಮುಳುಗಡೆ ಬಗ್ಗೆ ಏನು ಓದಿಕೊಂಡಿದ್ದೀರಿ?" ಬಹುತೇಕ ಸಲ ಆ ಕಡೆಯಿಂದ ಉತ್ತರ ಬರುವುದಿಲ್ಲ. ಈ ಮಕ್ಕಳು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಕಾಲೇಜು ಮುಟ್ಟುವವರು, ಮನೆಗೆ ಬಂದು ಕೊಟ್ಟಿಗೆ ಕೆಲಸವನ್ನೂ ಮಾಡುವವರು. ಪಾಠದಲ್ಲಿ ಹೇಳಿದ್ದು ಅವರಿಗೆ ಗೊತ್ತಿದೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಪ್ರಶ್ನೆಗಳು ಗೊತ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರುವಾಯಿತು ಎನ್ನುವುದೂ ಗೊತ್ತು. ತಮ್ಮದೇ ಹೋಬಳಿಯಲ್ಲಿ ನೀರು ಯಾವಾಗ ಬಂತು ಎನ್ನುವುದನ್ನು ಓದಿಕೊಂಡು ಬರಬೇಕು ಎಂದು ಮಾತ್ರ ಅವರಿಗೆ ಯಾರೂ ಹೇಳಿಲ್ಲ.

ನಮ್ಮ ಮಾತು ಇಷ್ಟೇ. ತರಗತಿಗೂ ಸಂದರ್ಶನಕ್ಕೂ ನಡುವೆ ಓದು ಎಂಬ ಸಾರ ಇದೆ. ಅದನ್ನು ದಾಟದೆ ಹಳ್ಳಿಗೆ ಬಂದ ವಿದ್ಯಾರ್ಥಿಗೆ ಸಿಗುವುದು ಬರೀ ಕಣ್ಣೀರು, ಸಂಗತಿ ಸಿಗುವುದಿಲ್ಲ. ನಮ್ಮ ಮೂರು ತಾಲ್ಲೂಕುಗಳಲ್ಲಿ ಈಗ ಸಂಗತಿಯ ತುರ್ತು ಬಹಳ ಇದೆ.

ಮುಳುಗಡೆಯನ್ನೇ ನೋಡಿ. ವಿದ್ಯಾರ್ಥಿ ಬಂದು "ಅಜ್ಜಾ, ಮುಳುಗಡೆ ಆದಾಗ ನಿಮಗೆ ಏನನ್ನಿಸಿತು?" ಎಂದು ಕೇಳಿದರೆ ತಿಳಿದ ಅಜ್ಜ "ಯಾವ ಮುಳುಗಡೆ ಮಾರಾಯ?" ಎನ್ನುತ್ತಾರೆ. ಏಕೆಂದರೆ ಇಲ್ಲಿ ಮುಳುಗಡೆ ಒಂದಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅದು 1948ರ ಹೊತ್ತಿನ ಮಾತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಊರು, ತೋಟ, ಗದ್ದೆಗಳ ಜೊತೆಗೆ ಆ ಹಳೆಯ ಅಣೆಕಟ್ಟೂ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ, ಜನ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಹೊಸನಗರದವರನ್ನು ಕೇಳಿದರೆ ಲಿಂಗನಮಕ್ಕಿಯ ಜೊತೆಗೆ ಮಾಣಿ, ಚಕ್ರಾ, ಸಾವೇಹಕ್ಲು ಎಂದು ಇನ್ನೂ ಮೂರು ಹೆಸರು ಹೇಳುತ್ತಾರೆ. ಇಷ್ಟು ಗೊತ್ತಿಲ್ಲದ ವಿದ್ಯಾರ್ಥಿ ಯಾರದೋ ಕಥೆಯನ್ನು ಯಾವುದೋ ಅಣೆಕಟ್ಟಿಗೆ ಜೋಡಿಸಿ ಬರೆದು ಕೊಡುತ್ತಾನೆ. ಅದು ಅಚ್ಚಾಗುತ್ತದೆ. ನಾಳೆ ಇನ್ನೊಬ್ಬರು ಅದನ್ನೇ ನೋಡಿ ಬರೆಯುತ್ತಾರೆ.

ಓದಿಕೊಂಡು ಬಂದ ವಿದ್ಯಾರ್ಥಿಯ ಪ್ರಶ್ನೆಯೇ ಬೇರೆ ಇರುತ್ತದೆ. "ನೀರು ಏರಿದ್ದು ಯಾವ ಮಳೆಗಾಲದಲ್ಲಿ? ನೋಟಿಸ್ ಯಾರು ತಂದುಕೊಟ್ಟರು? ದನಕರುಗಳನ್ನು ನಡೆಸಿಕೊಂಡು ಹೋದಿರೋ, ಲಾರಿಯಲ್ಲೋ? ಪರಿಹಾರದ ದುಡ್ಡು ಬಂದಿದ್ದು ಗದ್ದೆಯ ಯಜಮಾನರಿಗೋ, ಗೇಣಿ ಮಾಡುತ್ತಿದ್ದ ನಿಮಗೋ? ಈಗಿನ ಜಾಗ ತೋರಿಸಿದವರು ಯಾರು, ಕಾಗದ ಕೊಟ್ಟರಾ?" ಇಂಥ ಪ್ರಶ್ನೆ ಬಂದಾಗ ಹಿರಿಯರು ಸುಮ್ಮನೆ ನಿಟ್ಟುಸಿರು ಬಿಡುವುದಿಲ್ಲ. ನೆನಪು ಮಾಡಿಕೊಳ್ಳುತ್ತಾರೆ, ಒಳಗೆ ಹೋಗಿ ಟ್ರಂಕಿನಲ್ಲಿರುವ ಹಳೆಯ ಕಾಗದ ತರುತ್ತಾರೆ.

ಓದುವುದೆಂದರೆ ದಪ್ಪ ದಪ್ಪ ಪುಸ್ತಕವೇ ಆಗಬೇಕಿಲ್ಲ. ಆದರೆ ನಮ್ಮ ಅದೃಷ್ಟಕ್ಕೆ ಈ ಮೂರು ತಾಲ್ಲೂಕುಗಳ ಬಗ್ಗೆ ಬರೆದವರಿಗೆ ಬರ ಇಲ್ಲ. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಊರುಗಳು ಖಾಲಿಯಾಗುವುದನ್ನು ಕಂಡವರು, 'ಮುಳುಗಡೆ', 'ದ್ವೀಪ' ಬರೆದವರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. 'ದ್ವೀಪ'ವನ್ನು ಸಿನಿಮಾ ಮಾಡಿದ ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನವರು. ಕುಪ್ಪಳಿಯ ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಒಡೆಯರೂ ಇದ್ದಾರೆ, ಆಳುಗಳೂ ಇದ್ದಾರೆ. ಹೆಗ್ಗೋಡಿನಲ್ಲಿ ನೀನಾಸಮ್ 1949ರಿಂದ ಇದೆ. ಇವೆಲ್ಲ ಸಿಲೆಬಸ್‌ನಲ್ಲಿ ಇರಲಿ, ಬಿಡಲಿ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿವೆ.

ಇನ್ನೊಂದು ಬಗೆಯ ಓದು ಕಾಗದಪತ್ರಗಳದ್ದು. ಪಹಣಿ ಓದಲು ಬರಬೇಕು. ಗ್ರಾಮ ಪಂಚಾಯಿತಿಯ ನಡಾವಳಿ ಓದಲು ಬರಬೇಕು. ಸೊಪ್ಪಿನ ಬೆಟ್ಟ, ಕಾನು, ಬಗರ್‌ಹುಕುಂ, ಗೇಣಿ, ಕೊಳಗ ಎಂಬ ಮಾತುಗಳ ಅರ್ಥ ಗೊತ್ತಿರಬೇಕು. ಇವು ನಿಘಂಟಿನ ಪದಗಳಷ್ಟೇ ಅಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದು ಭತ್ತ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ. ಎಚ್. ಗಣಪತಿಯಪ್ಪ ಆ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಕೊಡಿಸಿದ 1974ರ ಭೂಸುಧಾರಣೆಯ ಮಾತು ಬಂದಾಗೆಲ್ಲ ಕಾಗೋಡಿನ ಹೆಸರು ಬರುತ್ತದೆ. ಆ ಹೋರಾಟದ ಮನೆಗೆ ಹೋಗಿ "ಕೊಳಗ ಅಂದ್ರೇನು?" ಎಂದು ಕೇಳಿದರೆ ಅಜ್ಜಿ ಹೇಳಿಕೊಡುತ್ತಾರೆ, ಸಿಟ್ಟು ಮಾಡುವುದಿಲ್ಲ. ಆದರೆ ಮುಂದಿನ ಗಂಟೆಯೆಲ್ಲ ಪಾಠಕ್ಕೇ ಹೋಗುತ್ತದೆ. ಆ ಅಜ್ಜಿಗೆ ಮಾತ್ರ ಗೊತ್ತಿರುವ ವಿಷಯ ಹಾಗೇ ಉಳಿಯುತ್ತದೆ.

ಇದು ಬರೀ ಮಾರ್ಕ್ಸ್‌ನ ವಿಷಯವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಹಿರಿಯರ ಮಾತಿಗೆ ಕಾನೂನಿನಲ್ಲೂ ಬೆಲೆ ಇದೆ ಎನ್ನುವುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. 1930ರ ಕಾಲದ ಕಾಗದ ನಮ್ಮ ಎಷ್ಟು ಮನೆಗಳಲ್ಲಿ ಇದ್ದೀತು? ಅದಕ್ಕೇ ಆ ಕಾಯ್ದೆಯ 2008ರ ನಿಯಮಗಳಲ್ಲಿ ಸಾಕ್ಷ್ಯಗಳ ಪಟ್ಟಿ ಇದೆ. ಸರ್ಕಾರಿ ದಾಖಲೆ, ಹಳೆಯ ಮನೆ, ಬಾವಿ, ಸ್ಮಶಾನದಂಥ ಗುರುತುಗಳ ಜೊತೆಗೆ ಅದರಲ್ಲಿ ಇನ್ನೊಂದು ಇದೆ: ಅರ್ಜಿದಾರರಲ್ಲದ ಹಿರಿಯರು ಹೇಳಿದ, ಬರಹಕ್ಕೆ ಇಳಿಸಿದ ಹೇಳಿಕೆ. ಒಂದೇ ಸಾಕ್ಷ್ಯ ಸಾಲದು, ಇದರ ಜೊತೆ ಮತ್ತೊಂದು ಬೇಕು. ಆದರೂ ಇದು ಲೆಕ್ಕಕ್ಕೆ ಬರುವ ಸಾಕ್ಷ್ಯ.

ಶರಾವತಿ ಸಂತ್ರಸ್ತರ ಜಾಗದ ಗೊಂದಲ ಇನ್ನೂ ಮುಗಿದಿಲ್ಲ. ಅವರಿಗಾಗಿ ಕಾಡಿನ ಜಾಗವನ್ನು ಡಿನೋಟಿಫೈ ಮಾಡಿದ್ದ ಆದೇಶಗಳನ್ನು ಕೇಂದ್ರದ ಒಪ್ಪಿಗೆ ಪಡೆದಿಲ್ಲ ಎಂಬ ಕಾರಣಕ್ಕೆ ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು. ನಾಡಿಗೆ ಬೆಳಕು ಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರ ಕೇಳುತ್ತಿದ್ದಾರೆ. ಲಿಂಗನಮಕ್ಕಿಯ ನೀರು ಬಂದಾಗ 15 ವರ್ಷದವರಾಗಿದ್ದವರಿಗೆ ಈಗ 75 ದಾಟಿದೆ. ಕಣ್ಣಾರೆ ಕಂಡು ಹೇಳುವವರು ಪ್ರತಿ ಮಳೆಗಾಲಕ್ಕೆ ಕಡಿಮೆಯಾಗುತ್ತಿದ್ದಾರೆ.

ವಿದ್ಯಾರ್ಥಿ ಮಾಡಿದ ಸಂದರ್ಶನವೇ ನೇರವಾಗಿ ಅರಣ್ಯ ಹಕ್ಕು ಸಮಿತಿಯ ಕಡತ ಸೇರುತ್ತದೆ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ಅದರದ್ದೇ ಕ್ರಮ ಇದೆ. ಆದರೆ ಎರಡಕ್ಕೂ ಬೇಕಾದ ಕೆಲಸ ಒಂದೇ. ಹೇಳಿದವರ ಹೆಸರು, ವಯಸ್ಸು, ಊರು ಸರಿಯಾಗಿ ಬರೆಯುವುದು. ಕಂಡಿದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡುವುದು. ಅವರ ಮಾತನ್ನು ಅವರದ್ದೇ ಮಾತಿನಲ್ಲಿ ಬರೆಯುವುದು. ಬರೆದದ್ದನ್ನು ಅವರ ಮುಂದೆ ಓದಿ ಹೇಳುವುದು. ಇಷ್ಟು ಕಲಿತ ಹುಡುಗಿಯೊಬ್ಬಳು ಊರಿನಲ್ಲಿದ್ದರೆ ಗ್ರಾಮಸಭೆಗೆ ಅವಳಿಂದ ಎಷ್ಟು ಉಪಕಾರ ಎಂದು ಯೋಚಿಸಿ.

"ಇಂಟರ್ನ್‌ಶಿಪ್‌ಗೆ ಇರುವುದೇ ಕೆಲವು ವಾರ, ಅದರಲ್ಲಿ ಓದುತ್ತಾ ಕೂತರೆ ಬರೆಯುವುದು ಯಾವಾಗ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ನಮಗೆ ಸಮಯದ ಬೆಲೆ ಗೊತ್ತು. ಆದರೆ ಒಂದು ಕಾದಂಬರಿ, ಒಂದು ಪಹಣಿ, ಹಳೆಯ ಪತ್ರಿಕೆಯ ನಾಲ್ಕು ವರದಿ ಓದಲು ಒಂದು ವಾರದ ಸಂಜೆಗಳು ಸಾಕು. ಹತ್ತು ಜನರ ಬಾಯಿಗೆ ಮೈಕ್ ಹಿಡಿದು ಹತ್ತು ಸಲ ಅದೇ ಉತ್ತರ ತರುವುದಕ್ಕಿಂತ, ಓದಿಕೊಂಡು ಹೋಗಿ ಒಬ್ಬರ ಹತ್ತಿರ ಎರಡು ದಿನ ಕೂರುವುದು ಲೇಸು. ನೆಟ್‌ವರ್ಕ್ ಸಿಗುವುದಿಲ್ಲ ಎಂಬುದೂ ನೆಪವಾಗಬಾರದು. ನೆಟ್‌ವರ್ಕ್ ಇಲ್ಲದ ಊರಲ್ಲೂ ಪುಸ್ತಕ ತೆರೆಯುತ್ತದೆ.

ಕಾಲೇಜುಗಳಲ್ಲಿ ಪಾಠ ಮಾಡುವವರಿಗೆ ನಮ್ಮ ವಿನಂತಿ ಒಂದು. ಸಂದರ್ಶನಕ್ಕೆ ಮಾರ್ಕ್ಸ್ ಕೊಡುವ ಮೊದಲು ವಿದ್ಯಾರ್ಥಿಯ ಪ್ರಶ್ನೆಪಟ್ಟಿ ನೋಡಿ. ಅದನ್ನು ತಯಾರಿಸಲು ಏನು ಓದಿದ್ದಾರೆ ಎಂದು ಕೇಳಿ, ಅದಕ್ಕೂ ಮಾರ್ಕ್ಸ್ ಇಡಿ. ಕೆಲಸ ಮುಗಿದ ಮೇಲೆ, ಹೇಳಿದವರು ಒಪ್ಪಿದರೆ, ಒಂದು ಪ್ರತಿಯನ್ನು ಆ ಊರಿನ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿಸಿ. ಈಗ ಆ ಪ್ರತಿಗಳೆಲ್ಲ ಸ್ಪೈರಲ್ ಬೈಂಡಿಂಗ್ ಆಗಿ ಕಾಲೇಜಿನ ಬೀರು ಸೇರುತ್ತವೆ. ಹೇಳಿದವರ ಮೊಮ್ಮಕ್ಕಳಿಗೆ ಅದು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಇನ್ನು ಊರಿನವರಿಗೆ, ಅಂದರೆ ಇದನ್ನು ಫೋನಿನಲ್ಲಿ ಓದುತ್ತಿರುವ ನಿಮಗೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಲಾಂಚ್‌ಗೆ ಕಾಯದೆ ಹಿನ್ನೀರಿನ ಆಚೆಗೂ ಕ್ಯಾಮೆರಾ ಹಿಡಿದವರು ಬರುತ್ತಿದ್ದಾರೆ. ಬರಲಿ. ನಿಮ್ಮ ಮನೆಗೂ ಒಬ್ಬ ವಿದ್ಯಾರ್ಥಿ ಬರಬಹುದು. ಆಸರಿಗೆ ಕೊಡಿ, ಮಾತಾಡಿ. ಆದರೆ ನೀವೂ ಮೂರು ವಿಷಯ ಕೇಳಿ. ಯಾವ ಕಾಲೇಜು, ಇದು ಎಲ್ಲಿ ಬರುತ್ತದೆ ಎಂದು ಕೇಳಿ. ನಮ್ಮೂರಿನ ಬಗ್ಗೆ ಏನು ಓದಿದ್ದೀಯ ಎಂದು ಕೇಳಿ. ಹೊರಡುವ ಮೊದಲು ಬರೆದುಕೊಂಡದ್ದನ್ನು ಒಮ್ಮೆ ಗಟ್ಟಿಯಾಗಿ ಓದು ಎಂದು ಹೇಳಿ. ಇಸವಿ ತಪ್ಪಿದ್ದರೆ ತಿದ್ದಿಸಿ. ಹೆಸರು ಹಾಕುವುದು ಬೇಡ ಎನ್ನಿಸಿದರೆ ಬೇಡ ಎನ್ನಿ, ಅದು ನಿಮ್ಮ ಹಕ್ಕು.

ನಿಮ್ಮ ಮನೆಯಲ್ಲೇ 80 ದಾಟಿದವರು ಇದ್ದರೆ ಕಾಲೇಜಿನ ಹುಡುಗರು ಬರಲಿ ಎಂದು ಕಾಯಬೇಡಿ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಪಕ್ಕದಲ್ಲಿ ಕುಳಿತು, ಮೊದಲು ಊರಿನ ಹೆಸರು ಕೇಳಿ. ಈಗಿನ ಊರಿನದ್ದಲ್ಲ, ನೀರಿನಡಿ ಇರುವ ಊರಿನದ್ದು.