ಅಳದೆ ಇರುವ ಹಕ್ಕು
2016ರ ನವೆಂಬರ್ 25ರಂದು ಫಿಡೆಲ್ ಕ್ಯಾಸ್ಟ್ರೋ ತೀರಿಕೊಂಡ ಸುದ್ದಿ ಕೇಳಿ ಮಿಯಾಮಿಯಲ್ಲಿ ನೆಲೆಸಿದ ಕ್ಯೂಬನ್ನರು ಪಾತ್ರೆ ಬಡಿದು ಕುಣಿದರು. ಕ್ಯೂಬಾದಲ್ಲಿ ಒಂಬತ್ತು ದಿನ ಶೋಕಾಚರಣೆ ನಡೆಯಿತು. ಸಾವಿಗೆ ಕುಣಿಯಬಾರದು ಎಂದು ಬುದ್ಧಿ ಹೇಳುವ ಬಂಧುಗಳೇ, ಮನೆಮಠ ಕಳೆದುಕೊಂಡು ದೇಶ ಬಿಟ್ಟವರಿಗೆ ಅಳುವ ಪಾಠ ಹೇಳಲು ನಾವು ಯಾರು?

1961ರ ಸಾಕ್ಷರತಾ ಆಂದೋಲನದಲ್ಲಿ ಲಕ್ಷಾಂತರ ಬಡವರು ಅಕ್ಷರ ಕಲಿತರು. ಅದು ಸಣ್ಣ ಕೆಲಸವಲ್ಲ. ಆದರೆ ಕಲಿತವರ ಕೈಗೆ ಬಂದದ್ದು ಸರಕಾರ ಒಪ್ಪಿದ ಪತ್ರಿಕೆ ಮಾತ್ರ. 2003ರಲ್ಲಿ ಪತ್ರಕರ್ತರೂ ಸೇರಿದಂತೆ 75 ಮಂದಿ ಭಿನ್ನಮತೀಯರು ಸೆರೆಮನೆ ಸೇರಿದರು. ಶ್ರದ್ಧಾಂಜಲಿಗಳಲ್ಲಿ ಈ ಲೆಕ್ಕವೇಕೆ ಇಲ್ಲ?

ಹವಾನಾದ ಕಣ್ಣೀರೆಲ್ಲ ಸುಳ್ಳಲ್ಲ, ಒಪ್ಪೋಣ. ಆದರೆ ಅಲ್ಲಿ ಅಳದೆ ಇರುವ ಹಕ್ಕು ಇತ್ತೇ? ಗೋಡೆಯ ಮೇಲೆ ‘ಅವನು ಹೋದ’ ಎಂದು ಬರೆದ ಕಲಾವಿದನೊಬ್ಬ ಸುಮಾರು ಎರಡು ತಿಂಗಳು ಸೆರೆಯಲ್ಲಿದ್ದ.