ಚೌಕವೆಂದು ತೋರುವುದೆಲ್ಲ ಚೌಕವೇ?

ಹತ್ತನೆಯ ತರಗತಿಯ ಗಣಿತದ ಮಾತು ಬಂದಾಗಲೆಲ್ಲ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಈ ನಿರ್ದೇಶಾಂಕ ರೇಖಾಗಣಿತವು ಹೆಣ್ಣುಮಕ್ಕಳ ಬಾಳಿಗೆ ಏತಕ್ಕೆ ಬೇಕು? ನಾಲ್ಕು ಬಿಂದುಗಳನ್ನು ಕೊಟ್ಟು, ಅವುಗಳಿಂದಾಗುವ ಆಕೃತಿಯು ವರ್ಗವೋ ಆಯತವೋ ವಜ್ರಾಕೃತಿಯೋ ಎಂದು ಸಾಧಿಸುವುದರಿಂದ ಅಂಕಗಳ ಹೊರತು ಮತ್ತೇನು ದೊರೆಯುವುದು? ಪೂರ್ವವಿದ್ಯಾರ್ಥಿನಿಯರಲ್ಲಿಯೂ ಕೆಲವರು ಹೀಗೆಯೇ ಕೇಳಿ ನಗುವುದುಂಟು. ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ.

ಪಠ್ಯದಲ್ಲಿ ಸೊಗಸಾದ ಲೆಕ್ಕವೊಂದಿದೆ. ತರಗತಿಯೊಂದರಲ್ಲಿ ನಾಲ್ವರು ಸ್ನೇಹಿತರು (3, 4), (6, 7), (9, 4), (6, 1) ಎಂಬ ಬಿಂದುಗಳಲ್ಲಿ ಕುಳಿತಿರುವರು. ಆ ಆಕೃತಿಯು ವರ್ಗವೆಂದು ಚಂಪಾ ಎಣಿಸುವಳು, ಚಮೇಲಿ ಒಪ್ಪಳು. ಯಾರ ಮಾತು ಸರಿ? ಇಲ್ಲಿ ಹಿರಿಯಳಾರು, ಗಟ್ಟಿಯಾಗಿ ನುಡಿದವಳಾರು ಎಂಬುದು ಗಣನೆಗೆ ಬಾರದು, ಲೆಕ್ಕವೇ ತೀರ್ಪುಗಾರ. ನಮ್ಮ ಹುಡುಗಿಯರು ಕೂಡಲೇ ದೂರಸೂತ್ರವನ್ನು ಹಿಡಿದು ನಾಲ್ಕು ಬಾಹುಗಳನ್ನೂ ಅಳೆಯುವರು. ನಾಲ್ಕೂ 18ರ ವರ್ಗಮೂಲಕ್ಕೆ ಸಮನೆಂದು ಕಂಡೊಡನೆ 'ಆದುದರಿಂದ ಇದು ವರ್ಗ' ಎಂದು ಬರೆದು ಗೆರೆ ಎಳೆಯುವರು. ಉತ್ತರ ಸರಿ, ಸಾಧನೆ ಅರ್ಧ! ಇಷ್ಟರಿಂದ ಅದು ವಜ್ರಾಕೃತಿಯೆಂದು ಮಾತ್ರ ಸಿದ್ಧವಾಯಿತು. ಕರ್ಣಗಳೆರಡೂ 6 ಎಂದು ತೋರಿಸಿದ ಮೇಲಷ್ಟೆ ಚಂಪಾ ಗೆದ್ದಳು. (ಪ್ರಕಟನೆಯ ಪುಸ್ತಕದಲ್ಲಿ ದೇವದೂತನು ಅಳೆದ ಪಟ್ಟಣದ ಉದ್ದವೂ ಅಗಲವೂ ಸಮನಾಗಿದ್ದವು. ಅದು ಚಚ್ಚೌಕವೆಂದು ಮೊದಲೇ ಹೇಳಿರದಿದ್ದರೆ, ಚೆನ್ನಾಗಿ ಕಲಿತ ಹುಡುಗಿಯು ಕರ್ಣವೆಷ್ಟೆಂದು ಕೇಳಿಯಾಳು.)

ಬಿಟ್ಟುಹೋದ ಈ ಅರ್ಧದ ಬೆಲೆಯೆಷ್ಟೆಂಬುದನ್ನು ನೋಡೋಣ. (0, 0), (5, 0), (8, 4), (3, 4) ಎಂಬ ಬಿಂದುಗಳನ್ನು ಕ್ರಮವಾಗಿ ಸೇರಿಸಿರಿ. ಬಾಹುಗಳು ನಾಲ್ಕೂ 5. ಆದರೆ ಒಂದು ಕರ್ಣವು ಮತ್ತೊಂದರ ಇಮ್ಮಡಿ. ಇದೇ ಬಾಹುಗಳುಳ್ಳ ವರ್ಗದ ವಿಸ್ತೀರ್ಣ 25, ಈ ವಾಲಿದ ಆಕೃತಿಯದು 20. ಐದರಲ್ಲೊಂದು ಪಾಲು ಮಾಯವಾಯಿತು! ಹರಿಹರದ ಕಡೆಯ ರೈತನಿಗೆ ಇದನ್ನು ಅವನ ಭಾಷೆಯಲ್ಲಿಯೇ ಹೇಳಬಹುದು. 33 ಅಡಿಯ ಚಚ್ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆಯಷ್ಟೆ. ಒಂದೆಕರೆ ಚಚ್ಚೌಕದ ಬದುಗಳಷ್ಟೇ ಉದ್ದದ ನಾಲ್ಕು ಬದುಗಳಿದ್ದರೂ, ಹೊಲವು ಹೀಗೆ ವಾಲಿದ್ದರೆ ಒಳಗಿರುವುದು 32 ಗುಂಟೆ. ಬದುವಿನ ಮೇಲೆ ಮಾತ್ರ ಸರಪಳಿ ಎಳೆದವನಿಗೆ ಹೋದ 8 ಗುಂಟೆ ಕಾಣಿಸದು. ಪತ್ರದಲ್ಲಿ ಬರೆಯುವ ಚಕ್ಕುಬಂದಿಯು ಸುತ್ತಲೂ ಯಾರ ಸ್ವತ್ತಿದೆ ಎಂಬುದನ್ನು ಹೇಳುವುದೇ ಹೊರತು ಮೂಲೆಗಳ ಸಂಗತಿಯನ್ನು ಹೇಳದು. 2005ರ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿದೆ. ಪಾಲುಪತ್ರಕ್ಕೆ ಸಹಿ ಹಾಕುವ ಕೈಗೆ ಅಳತೆಯ ಸತ್ಯಾಸತ್ಯವೂ ತಿಳಿದಿರುವುದು ಲೇಸಲ್ಲವೆ?

ದಾವಣಗೆರೆಯ ಬಡಾವಣೆಗಳಲ್ಲಿ ಮನೆ ಕಟ್ಟುವ ಮೇಸ್ತ್ರಿಗೆ ಈ ಮರ್ಮ ಗೊತ್ತು. 30 ಅಡಿ, 40 ಅಡಿಯ ನಿವೇಶನಕ್ಕೆ ದಾರ ಕಟ್ಟಿದ ಮೇಲೆ ಆತನು ಮೂಲೆಯಿಂದ ಮೂಲೆಗೆ ಟೇಪು ಎಳೆಯುವನು. ಎರಡು ಕಡೆಯೂ 50 ಅಡಿ ಬಂದರೇನೇ ಪಾಯ ತೋಡಿಸುವನು. ಎದುರು ಬಾಹುಗಳು ಸಮ, ಕರ್ಣಗಳೂ ಸಮ, ಆದುದರಿಂದ ಆಯತ. ಶಾಲೆಯಲ್ಲಿ ಕಲಿಸುವುದೂ ಇದನ್ನೇ.

ಕಲಿಸುವ ಕ್ರಮದ ವಿಷಯದಲ್ಲಿ ನಮ್ಮದೊಂದು ಬಿನ್ನಹವಿದೆ. ಗೈಡುಗಳನ್ನು ನೆಚ್ಚಿ ನಾಲ್ಕು ವರ್ಗಮೂಲಗಳಿಂದ ಆರಂಭಿಸುವುದನ್ನು ಬಿಟ್ಟು, ಕರ್ಣಗಳ ಮಧ್ಯಬಿಂದುಗಳನ್ನು ಮೊದಲು ಕೇಳಬೇಕು. ಅವು ಒಂದೇ ಆದರೆ ಸಮಾಂತರ ಚತುರ್ಭುಜವೆಂಬುದು ಸಿದ್ಧ. ಅನಂತರ ಕರ್ಣಗಳು ಸಮನಾದರೆ ಆಯತ, ಲಂಬವಾದರೆ ವಜ್ರಾಕೃತಿ, ಎರಡೂ ಆದರೆ ವರ್ಗ. ಚಂಪಾಳ ಲೆಕ್ಕದಲ್ಲಿ ಎರಡು ಕರ್ಣಗಳ ಮಧ್ಯಬಿಂದುವೂ (6, 4); ಒಂದು ಕರ್ಣ ಅಡ್ಡವಾಗಿದೆ, ಮತ್ತೊಂದು ನೆಟ್ಟಗಿದೆ, ಉದ್ದ ಎರಡಕ್ಕೂ 6. ಎರಡು ಸಾಲಿನಲ್ಲಿ ಮುಗಿಯಿತು, ವರ್ಗಮೂಲದ ಗೋಜೇ ಇಲ್ಲ. ಮಧ್ಯಬಿಂದುಗಳು ಬೇರೆಯಾದರೆ ಮಾತ್ರ ತ್ರಾಪಿಜ್ಯವೇ ಎಂದು ವಿಚಾರಿಸಬೇಕು. ಅಂಥ ನಿವೇಶನಕ್ಕೆ ನಮ್ಮ ಜನರು ಗೋಮುಖವೆಂದೂ ವ್ಯಾಘ್ರಮುಖವೆಂದೂ ಎಂದೋ ಹೆಸರಿಟ್ಟಿರುವರು. ಅದರ ಶುಭಾಶುಭದ ಗೊಡವೆ ನಮಗೆ ಬೇಡ.

ಪೋಷಕರಲ್ಲಿ ನಮ್ಮ ಕೋರಿಕೆಯಿಷ್ಟೆ: ಬರುವ ರಜೆಯಲ್ಲಿ ನಿಮ್ಮ ನಿವೇಶನದ ಅಥವಾ ಕಣದ ನಾಲ್ಕು ಬದಿಗಳನ್ನೂ ಎರಡು ಕರ್ಣಗಳನ್ನೂ ಮಗಳ ಕೈಯಲ್ಲಿಯೇ ಅಳೆಯಿಸಿರಿ. ಲೆಕ್ಕವು ಪತ್ರದೊಡನೆ ಕೂಡದಿದ್ದರೆ ಆ ಕಾಗದವನ್ನು ಶಾಲೆಗೆ ಕೊಟ್ಟು ಕಳುಹಿಸಿರಿ. ತರಗತಿಯಲ್ಲಿ ಬಿಡಿಸಲು ನಮಗೆ ಒಳ್ಳೆಯ ಉದಾಹರಣೆಯಾಗುವುದು.